ಮಾಸ್ಟರ್ ಕಟ್ಟಿದ ಟೋನುಗಳು

ಆರ್ಕೆಸ್ಟ್ರಾದವರ ಬಾಯಲ್ಲಿ ‘ಟೋನ್’ ಎಂಬ ಮಾತಿಗೆ ಬೇರೆಯೇ ಅರ್ಥವಿದೆ. ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಶಹನಾಯಿ, ಇನ್ನೊಂದು ಒತ್ತಿದರೆ ಕ್ಲಾರಿಯೊನೆಟ್. ಹೀಗೆ ಒಂದೊಂದು ಗುಂಡಿಯ ಹಿಂದೆ ಕೂತಿರುವ ದನಿಯೇ ಟೋನ್. ಯಮಹಾ ಕಂಪನಿಯ ಪುಸ್ತಕದಲ್ಲಿ ಇದು ವಾಯ್ಸ್. ಸಿಂಥಸೈಜರ್ ಲೋಕದ ಸಾಮಾನ್ಯ ಮಾತಿನಲ್ಲಿ ಪ್ಯಾಚ್. ಹಳೆಯ ಸಿಂಥಸೈಜರುಗಳಲ್ಲಿ ಒಂದು ತೂತಿನಿಂದ ಇನ್ನೊಂದು ತೂತಿಗೆ ವೈರು ಚುಚ್ಚಿ ದನಿ ಹುಟ್ಟಿಸುತ್ತಿದ್ದರು. ಆ ವೈರುಗಳಿಗಿದ್ದ ಹೆಸರು ವೈರುಗಳು ಹೋದಮೇಲೂ ಉಳಿದುಕೊಂಡಿತು. ನಮ್ಮ ಕಡೆಯ ವಾದಕರು ಒಬ್ಬರನ್ನೊಬ್ಬರು ಭೇಟಿಯಾದಾಗ ಕೇಳುತ್ತಿದ್ದ ಮೊದಲ ಪ್ರಶ್ನೆ ರಾಗದ್ದೂ ಅಲ್ಲ, ಸಂಬಳದ್ದೂ ಅಲ್ಲ. ‘ಹೊಸಾ ಟೋನ್ ಏನಾದ್ರೂ ಐತೇನ್ರೀ?’ ಎಂಬುದೇ.

ನಾನು 1998ರಿಂದ 2009ರವರೆಗೆ ದಾವಣಗೆರೆಯ ಒಂದು ಆರ್ಕೆಸ್ಟ್ರಾದಲ್ಲಿ ಎರಡನೆಯ ಕೀಬೋರ್ಡ್ ನುಡಿಸುತ್ತಿದ್ದೆ. ಹಗಲು ಸಹಕಾರ ಸಂಘವೊಂದರಲ್ಲಿ ಗುಮಾಸ್ತಿಕೆ, ರಾತ್ರಿ ಗಣಪತಿ ಪೆಂಡಾಲು, ಉರುಸು, ರಾಜ್ಯೋತ್ಸವ, ಮದುವೆ. ಮೊದಲ ಕೀಬೋರ್ಡು ನಮ್ಮ ಮಾಸ್ಟರದು. ಹರಿಹರದವರು. ಅವರ ತಂದೆ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದರು. ಮಾಸ್ಟರೂ ಹದಿನೈದು ವರ್ಷದವರೆಗೆ ಅದೇ ಬ್ಯಾಂಡಿನಲ್ಲಿ ಜಾಗಟೆ ಹಿಡಿದು ನಡೆದವರು. 1987ರಲ್ಲಿ ‘ಪ್ರೇಮಲೋಕ’ ಬಂದಮೇಲೆ ಹಂಸಲೇಖರ ಹಾಡುಗಳನ್ನು ಹಾರ್ಮೋನಿಯಂ, ಅಕಾರ್ಡಿಯನ್‌ಗಳಲ್ಲಿ ಸುಧಾರಿಸುವುದು ಕಷ್ಟವಾಯಿತು. ಜನ ಕ್ಯಾಸೆಟ್ಟಿನಲ್ಲಿ ಕೇಳಿದ್ದನ್ನೇ ವೇದಿಕೆಯ ಮೇಲೂ ಕೇಳಬಯಸಿದರು. ಮಾಸ್ಟರ್ ಸಾಲ ಮಾಡಿ, 1992ರಲ್ಲಿ ಮದರಾಸಿನ ಸ್ಟುಡಿಯೋ ವಾದಕರೊಬ್ಬರಿಂದ ಹಳೆಯದೊಂದು ಯಮಹಾ ಡಿಎಕ್ಸ್7 ತಂದರು. ಹದಿನಾಲ್ಕು ಕಿಲೋ ತೂಕ. ಬಸ್ಸಿನಲ್ಲಿ ಅದಕ್ಕೂ ಒಂದು ಟಿಕೆಟ್ ತೆಗೆದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡು ಬಂದರಂತೆ.

ಆ ಯಂತ್ರದ ಸ್ವಭಾವವನ್ನು ಸ್ವಲ್ಪ ಹೇಳಲೇಬೇಕು. ಡಿಎಕ್ಸ್7 ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಅದರೊಳಗೆ ಯಾವ ವಾದ್ಯದ ಧ್ವನಿಮುದ್ರಣವೂ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರ 1967ರಲ್ಲಿ ಕಂಡುಕೊಂಡ ಒಂದು ಉಪಾಯ ಅದರ ಜೀವಾಳ. ಒಂದು ಅಲೆಯನ್ನು ಇನ್ನೊಂದು ಅಲೆಯಿಂದ ಬಹಳ ವೇಗವಾಗಿ ನಡುಗಿಸುವುದು. ನಿಧಾನವಾಗಿ ನಡುಗಿಸಿದರೆ ನಮ್ಮ ಗಾಯಕರ ಕಂಪನದಂತೆ ಕೇಳುತ್ತದೆ. ಆ ನಡುಕ ಸ್ವರದಷ್ಟೇ ವೇಗಕ್ಕೆ ಏರಿದರೆ ಕಿವಿಗೆ ನಡುಕ ತಿಳಿಯುವುದಿಲ್ಲ, ದನಿಯ ಬಣ್ಣವೇ ಬದಲಾಗುತ್ತದೆ. ಡಿಎಕ್ಸ್7ನಲ್ಲಿ ಇಂಥ ಅಲೆ ಹುಟ್ಟಿಸುವ ಘಟಕಗಳು ಆರು. ಅವಕ್ಕೆ ಆಪರೇಟರ್ ಎನ್ನುತ್ತಾರೆ. ಯಾವುದು ಯಾವುದನ್ನು ನಡುಗಿಸಬೇಕು, ಯಾವುದು ನೇರ ಹೊರಗೆ ಕೇಳಬೇಕು ಎಂಬುದಕ್ಕೆ 32 ಬಗೆಯ ಜೋಡಣೆ. ಒಂದೊಂದು ಆಪರೇಟರಿಗೆ 21 ಅಂಕಿ, ಎಲ್ಲಕ್ಕೂ ಸೇರಿ 19 ಅಂಕಿ. ಒಟ್ಟು 145 ಅಂಕಿಗಳು ಕೂಡಿದರೆ ಒಂದು ಟೋನ್. ಜೊತೆಗೆ ಹತ್ತು ಅಕ್ಷರದ ಒಂದು ಹೆಸರು. ಅಷ್ಟೇ.

ಈ 145 ಅಂಕಿಗಳನ್ನು ತಿದ್ದಲು ಯಂತ್ರ ಕೊಟ್ಟಿದ್ದು ಒಂದೇ ಒಂದು ಜಾರುವ ಸನ್ನೆ, ಮತ್ತು ಸಾಲಿಗೆ ಹದಿನಾರು ಅಕ್ಷರದಂತೆ ಎರಡು ಸಾಲು ಹಿಡಿಯುವ, ದೀಪವಿಲ್ಲದ ಸಣ್ಣ ಕಿಟಕಿ. ಒಂದು ಸಲಕ್ಕೆ ಒಂದೇ ಅಂಕಿ ಕಾಣುತ್ತದೆ. ಮಿಕ್ಕ 144 ಎಲ್ಲಿವೆ, ಎಷ್ಟಿವೆ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮನೆಯ ಬಾಗಿಲಿನ ಬೀಗದ ಕಿಂಡಿಯಿಂದ ಒಳಗಿನ ಸಾಮಾನು ಜೋಡಿಸಿದ ಹಾಗೆ. ಹೀಗಾಗಿ ಲೋಕದ ಬಹುತೇಕ ವಾದಕರು ಕಂಪನಿ ತುಂಬಿ ಕೊಟ್ಟ ಟೋನುಗಳನ್ನೇ ನುಡಿಸಿಕೊಂಡು ಸುಮ್ಮನಾದರು. ಎಂಬತ್ತರ ದಶಕದ ಹಾಡುಗಳಲ್ಲಿ ಕೇಳುವ ಆ ಗಾಜಿನಂಥ ಎಲೆಕ್ಟ್ರಿಕ್ ಪಿಯಾನೊ ಕಂಪನಿಯ 11ನೇ ನಂಬರಿನ ಟೋನು.

ಕಂಪನಿಯ ಆ 32ರಲ್ಲಿ ಜಪಾನಿನ ಕೊಟೊ ಇತ್ತು. ಮರಿಂಬಾ ಇತ್ತು. 31ರಲ್ಲಿ ರೈಲು, 32ರಲ್ಲಿ ವಿಮಾನ ಏರುವ ಸದ್ದು ಕೂಡ ಇದ್ದವು. ಶಹನಾಯಿ ಇರಲಿಲ್ಲ, ಹಾರ್ಮೋನಿಯಂ ಇರಲಿಲ್ಲ, ಹರಿಹರದ ಮದುವೆ ಬ್ಯಾಂಡಿನ ಕ್ಲಾರಿಯೊನೆಟ್ಟಂತೂ ಇರಲು ಸಾಧ್ಯವೇ ಇರಲಿಲ್ಲ. ಮಾಸ್ಟರ್ ಕಟ್ಟಿದ ಮೊದಲ ಟೋನು ಅದೇ. ಅದಕ್ಕೆ ಜಾಗ ಮಾಡಿಕೊಡಲು ಅವರು ಅಳಿಸಿದ್ದು ರೈಲನ್ನು.

ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಗಣಿತ ಏಳನೇ ಇಯತ್ತೆಯದು. ಆದರೆ ಕ್ಲಾರಿಯೊನೆಟ್ಟಿನ ದನಿ ಅವರಿಗೆ ಮನೆಯ ವಾಸನೆಯಷ್ಟು ಪರಿಚಯವಿತ್ತು. ಎರಡನೇ ಆಪರೇಟರನ್ನು ಒಂದನೆಯದರ ಎರಡರಷ್ಟು ವೇಗದಲ್ಲಿಟ್ಟರೆ ದನಿ ಟೊಳ್ಳಾಗುತ್ತದೆ, ಮರದ್ದಾಗುತ್ತದೆ ಎಂದು ಸನ್ನೆ ಸರಿಸುತ್ತ ಸರಿಸುತ್ತ ಅವರೇ ಕಂಡುಕೊಂಡರು. ಇದರ ಕಾರಣ ಪುಸ್ತಕಗಳಲ್ಲಿದೆ: ಹಾಗೆ ಮಾಡಿದಾಗ ಒಂದು, ಮೂರು, ಐದು ಎಂಬ ಬೆಸ ಸಂಖ್ಯೆಯ ಉಪಸ್ವರಗಳಷ್ಟೇ ಹುಟ್ಟುತ್ತವೆ. ಒಂದು ತುದಿ ಮುಚ್ಚಿದ ನೇರ ಕೊಳವೆಯಾದ ಕ್ಲಾರಿಯೊನೆಟ್ಟಿನ ಕೆಳಸ್ವರಗಳಲ್ಲೂ ಮುಖ್ಯವಾಗಿ ಇರುವುದು ಅವೇ. ಶಹನಾಯಿ ಹಾಗಲ್ಲ. ಅದರ ಕೊಳವೆ ಕೆಳಗೆ ಹೋದಂತೆ ಅಗಲವಾಗುತ್ತದೆ, ಎಲ್ಲ ಉಪಸ್ವರಗಳೂ ಬರುತ್ತವೆ, ಜೊತೆಗೆ ಮೂಗಿನ ದನಿ. ಅದಕ್ಕೆ ಮಾಸ್ಟರ್ ಎರಡು ವರ್ಷ ತೆಗೆದುಕೊಂಡರು. ಕೊನೆಗೆ ಇನ್ನೊಂದು ಜೋಡಿಯನ್ನು ನಾಲ್ಕರಷ್ಟು ಮೇಲಿಟ್ಟು, ಬಹಳ ಸಣ್ಣಗೆ ಬೆರೆಸಿ, ಆ ಮೂಗನ್ನು ಹಿಡಿದರು. ಸ್ವರ ಶುರುವಾಗುವಾಗ ಕೂದಲೆಳೆಯಷ್ಟು ಕೆಳಗಿನಿಂದ ಏರಿ ಬರಲೆಂದು, ಸ್ವರದ ಏರಿಳಿತ ನಿಗದಿಪಡಿಸುವ ಅಂಕಿಯನ್ನು 50ರ ಬದಲು 48ಕ್ಕೆ ಇಟ್ಟಿದ್ದರು. 50 ಅಂದರೆ ಅಲುಗಾಡದ ಸ್ವರ. ‘ಊದೋನ ಉಸಿರು ಮೊದ್ಲು ಪೀಪೀನ ತಟ್ಟಬೇಕಲ್ಲಪ್ಪಾ, ಆಮೇಲಲ್ವಾ ಸ್ವರ ಹುಟ್ಟೋದು’ ಎನ್ನುತ್ತಿದ್ದರು.

ಯಂತ್ರದಲ್ಲಿ ಇದ್ದದ್ದು 32 ಜಾಗ. ಹೆಚ್ಚುವರಿ ಟೋನು ತುಂಬಿಡುವ ಕಾರ್ಟ್ರಿಜ್ ನಮ್ಮ ಕಡೆ ಸಿಗುತ್ತಿರಲಿಲ್ಲ. ಹೊಸ ಟೋನು ಬರಬೇಕಾದರೆ ಹಳೆಯದೊಂದು ಹೋಗಬೇಕು. ಹೋಗುವ ಮೊದಲು ಅದರ 145 ಅಂಕಿಗಳನ್ನು ಕಿಟಕಿಯಲ್ಲಿ ಒಂದೊಂದಾಗಿ ನೋಡಿ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಉರುಸಿನ ಹಂಗಾಮಿಗೆ ಒಂದಷ್ಟು ಟೋನು, ಗಣಪತಿಗೆ ಒಂದಷ್ಟು. ಹಂಗಾಮು ಬದಲಾದಾಗ ಒಂದು ಟೋನನ್ನು ಮತ್ತೆ ಒಳಗೆ ಕೂರಿಸಲು ಗಂಟೆ ಹಿಡಿಯುತ್ತಿತ್ತು. ನಾನು ನೋಟ್‌ಬುಕ್ ಹಿಡಿದು ಅಂಕಿ ಓದುವುದು, ಅವರು ಸನ್ನೆ ಸರಿಸುವುದು. ನಾನು ಆರ್ಕೆಸ್ಟ್ರಾ ಸೇರಿದ ಮೊದಲೆರಡು ವರ್ಷ ನನ್ನ ಮುಖ್ಯ ಕೆಲಸ ಇದೇ ಆಗಿತ್ತು ಎಂದರೂ ತಪ್ಪಿಲ್ಲ.

ಇದೇ ಕಾಲಕ್ಕೆ ಬೇರೆ ದೇಶಗಳಲ್ಲಿ ಈ ಕೆಲಸವನ್ನು ಕಂಪ್ಯೂಟರು ಮಾಡುತ್ತಿತ್ತು. ಡಿಎಕ್ಸ್7 ಬಂದ ವರ್ಷವೇ, 1983ರಲ್ಲೇ, ವಾದ್ಯಗಳು ಪರಸ್ಪರ ಮಾತಾಡಿಕೊಳ್ಳುವ ಮಿಡಿ ಎಂಬ ವ್ಯವಸ್ಥೆ ಬಂದಿತ್ತು. 1985ರ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ಮಿಡಿ ತೂತುಗಳು ಹುಟ್ಟುವಾಗಲೇ ಇದ್ದವು. ಟೋನುಗಳನ್ನು ಪರದೆಯ ಮೇಲೆ ತಿದ್ದುವ, ಸಾವಿರಗಟ್ಟಲೆ ಜೋಡಿಸಿಡುವ ತಂತ್ರಾಂಶಗಳು ಆಗಲೇ ಇದ್ದವು. ಹರಿಹರಕ್ಕೆ ಅವು ತಲುಪಲಿಲ್ಲ. ಮಾಸ್ಟರಿಗೆ ಉದ್ದನೆಯ ನೋಟ್‌ಬುಕ್ಕೇ ತಂತ್ರಾಂಶ.

2009ರ ಹೊತ್ತಿಗೆ ನಮ್ಮ ಆರ್ಕೆಸ್ಟ್ರಾ ನಿಂತಿತು. ಕರೋಕೆ ಟ್ರ್ಯಾಕು ಹಾಕಿ ಹಾಡುವವರು, ಡಿಜೆಯವರು ಬಂದರು. ಅವರನ್ನು ದೂರಲಾರೆ, ಹತ್ತು ಜನರ ಊಟ, ವ್ಯಾನು, ಸಂಬಳ ಯಾವ ಕಮಿಟಿಗೂ ಹೊರೆಯೇ. 2016ರಲ್ಲಿ ಮಾಸ್ಟರ ಮಗ ಫೋನು ಮಾಡಿ, ‘ಅಣ್ಣಾ, ಕೀಬೋರ್ಡ್ ಮಾರ್ತಿದೀವಿ. ಅಪ್ಪ ನಿಮ್ಮನ್ನ ಒಂದ್ಸಲ ಬಂದು ಹೋಗು ಅಂದ್ರು’ ಎಂದ. ಮಾಸ್ಟರಿಗೆ ಆಗ ಕಣ್ಣಿನ ಪೊರೆ, ಬೆರಳುಗಳಲ್ಲಿ ನಡುಕ. ಹೋಗಿ ಮಾಡಿದ ಮೊದಲ ಕೆಲಸ, 14ನೇ ಗುಂಡಿ ಒತ್ತಿ ಒಳಗಿನ ಬ್ಯಾಟರಿ ನೋಡಿದ್ದು. ಯಂತ್ರ ಆರಿಸಿದಾಗ ಆ 32 ಟೋನುಗಳನ್ನು ಹಿಡಿದಿಡುವುದು ನಾಣ್ಯದಂಥ ಆ ಬ್ಯಾಟರಿ. ಮೂರು ವೋಲ್ಟು ಇರಬೇಕಾದಲ್ಲಿ 2.3 ತೋರಿಸಿತು. ಅದು ಸತ್ತರೆ 32 ಜಾಗದಲ್ಲೂ ಕಸ. ಯಂತ್ರದಲ್ಲಿದ್ದ ಕೆಲವು ಟೋನುಗಳನ್ನು ಅವರು 2005ರ ನಂತರ ತಿದ್ದಿದ್ದರು. ಆ ತಿದ್ದುಪಡಿಗಳು ನೋಟ್‌ಬುಕ್ಕಿಗೆ ಏರಿರಲಿಲ್ಲ.

ನನ್ನ ಬಳಿ ಹಳೆಯ ಲ್ಯಾಪ್‌ಟಾಪ್ ಇತ್ತು. ಮುನ್ನೂರು ರೂಪಾಯಿಯ ಮಿಡಿ ಕೇಬಲ್ ಕೊಂಡೆ. ಮಿಡಿ-ಆಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಂಡೆ. ಡಿಎಕ್ಸ್7 ತನ್ನ 32 ಟೋನುಗಳನ್ನು ಒಟ್ಟಿಗೆ ಕಳಿಸುವಾಗ ಹೊರಬರುವುದು ಸರಿಯಾಗಿ 4104 ಬೈಟುಗಳು. ಟೋನಿಗೆ 128ರಂತೆ 4096, ಮುಂದೆ ಆರು ಬೈಟು ವಿಳಾಸ, ಹಿಂದೆ ಒಂದು ಲೆಕ್ಕ, ಒಂದು ಮುಕ್ತಾಯ. ಮಿಡಿಯ ವೇಗದಲ್ಲಿ ಇದು ಸಾಗಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಅಗ್ಗದ ಕೇಬಲಿನಲ್ಲಿ ಪ್ರತಿ ಸಲ ಬೈಟುಗಳು ಕಡಿಮೆ ಬಂದವು. ಸ್ವರ ನುಡಿಸಲು ಸಾಕಾಗುವ ಕೇಬಲು ಇಂಥ ಉದ್ದನೆಯ ಸಂದೇಶವನ್ನು ನುಂಗಿಬಿಡುವುದುಂಟು. ಆ ಕೊನೆಯ ‘ಲೆಕ್ಕ’ದ ಬೈಟು ನಮ್ಮ ಸಂಘದ ಖಾತೆ ಪುಸ್ತಕದ ಪುಟದ ಮೊತ್ತವಿದ್ದಂತೆ, ಮೇಲಿನ ಅಂಕಿಗಳಿಗೆ ತಾಳೆಯಾಗದಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಒಂದು ವಾರ ಕಾದು, ಸ್ಟುಡಿಯೋ ಇಟ್ಟುಕೊಂಡಿರುವ ಗೆಳೆಯನಿಂದ ಒಳ್ಳೆಯ ಪೆಟ್ಟಿಗೆಯೊಂದನ್ನು ಇಸಿದುಕೊಂಡು ಹೋದೆ. ಆ ವಾರವಿಡೀ ನನಗೆ ಬ್ಯಾಟರಿಯದೇ ಚಿಂತೆ. ಯಂತ್ರ ಆರಿಸಲೇಬೇಡಿ ಎಂದು ಮಗನಿಗೆ ಹೇಳಿ ಬಂದಿದ್ದೆ. ಹರಿಹರದ ಕರೆಂಟನ್ನು ನಂಬುವುದು ಹೇಗೆ? ಎರಡನೇ ಸಲ ಹೋದಾಗ 4104 ಬಂತು. ಲೆಕ್ಕ ತಾಳೆಯಾಯಿತು.

ಅಲ್ಲಿಂದ ಮುಂದಿನ ಕೆಲಸಕ್ಕೆ ಕೀಬೋರ್ಡೇ ಬೇಕಿರಲಿಲ್ಲ. ಡೆಕ್ಸೆಡ್ ಎಂಬ ಇನ್ನೊಂದು ಪುಕ್ಕಟೆ ತಂತ್ರಾಂಶವಿದೆ. ಡಿಎಕ್ಸ್7ರ ಒಳಗಿನ ಲೆಕ್ಕಾಚಾರವನ್ನೇ ಅನುಕರಿಸಿ ಕಂಪ್ಯೂಟರಿನಲ್ಲಿ ದನಿ ಹುಟ್ಟಿಸುತ್ತದೆ. ಅದೇ ಯಂತ್ರದ ಫೈಲು ಓದುತ್ತದೆ, ತಿದ್ದಿದ್ದನ್ನು ಅದೇ ಯಂತ್ರಕ್ಕೆ ವಾಪಸು ಕಳಿಸಬಲ್ಲದು. ಯಂತ್ರ ಹರಿಹರದಲ್ಲಿ, ನಾನು ದಾವಣಗೆರೆಯಲ್ಲಿ. ರಾತ್ರಿ ಊಟವಾದ ಮೇಲೆ ಕೂತು 32 ಟೋನುಗಳನ್ನೂ ತೆರೆದು ನೋಡತೊಡಗಿದೆ. ಆರು ಆಪರೇಟರುಗಳೂ ಒಂದೇ ಪರದೆಯ ಮೇಲೆ, ಗೆರೆ, ಬಿರಡೆಗಳ ಸಮೇತ. ಹದಿನೆಂಟು ವರ್ಷ ಕೇಳಿದ್ದ ದನಿಗಳನ್ನು ನಾನು ಮೊದಲ ಸಲ ನೋಡಿದೆ. ಹಾರ್ಮೋನಿಯಮ್ಮಿನಲ್ಲಿ ಎರಡು ಆಪರೇಟರುಗಳನ್ನು ಒಂದನ್ನು ತುಸು ಮೇಲೆ, ಒಂದನ್ನು ತುಸು ಕೆಳಗೆ ಇಟ್ಟಿದ್ದರು, ಜೋಡಿ ರೀಡಿನ ಪೆಟ್ಟಿಗೆಯಲ್ಲಿ ಎರಡು ರೀಡು ಪೂರ್ತಿ ಕೂಡದೆ ಅಲೆಯುವಂತೆ. ನೋಟ್‌ಬುಕ್ಕಿನಲ್ಲಷ್ಟೇ ಉಳಿದಿದ್ದ 39 ಟೋನುಗಳನ್ನೂ ಕೂತು ತುಂಬಿದೆ. ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಇಳಿದಿತ್ತು.

ಒಂದು ಭಾನುವಾರ ಲ್ಯಾಪ್‌ಟಾಪನ್ನು ಮಾಸ್ಟರಿಗೆ ತೋರಿಸಲು ಒಯ್ದೆ. ಅವರು ಪರದೆಯ ಕಡೆ ಹೆಚ್ಚು ಹೊತ್ತು ನೋಡಲಿಲ್ಲ. ‘ಇಷ್ಟೆಲ್ಲಾ ಕಂಡ್ರೆ ಕಿವಿ ಮಲಗಿಬಿಡ್ತದಪ್ಪ’ ಎಂದರು. ಯಂತ್ರದಲ್ಲಿ ತಿದ್ದುವಾಗ ಅವರು ಆಪರೇಟರುಗಳನ್ನು ಒಂದೊಂದಾಗಿ ಆರಿಸಿ, ಉಳಿದದ್ದು ಹೇಗೆ ಕೇಳುತ್ತದೆ ಎಂದು ತಲೆ ಬಾಗಿಸಿ ಕೇಳುತ್ತಿದ್ದುದು ನನಗೆ ನೆನಪಿದೆ. ಅವರ ಮಾತಿನಲ್ಲಿ ನಿಜವಿದೆ. ಪರದೆಯ ಮುಂದೆ ಕೂತಾಗ ಅಂದವಾದ ಗೆರೆ ಕಂಡರೆ ದನಿಯೂ ಚೆನ್ನಾಗಿದೆ ಎಂದು ಮನಸ್ಸು ಒಪ್ಪಿಬಿಡುತ್ತದೆ. ಆದರೂ ನಾನು ಅವರ ಪಕ್ಷ ವಹಿಸಲಾರೆ. ಬೀಗದ ಕಿಂಡಿಯೇ ಗುರು ಎನ್ನುವುದು, ಆ ಕಿಂಡಿಯಲ್ಲಿ ಕಣ್ಣು ಕಳೆದುಕೊಂಡವರು ಹೇಳಬಹುದಾದ ಮಾತು. ಅವರಿಗೆ 1992ರಲ್ಲೇ ಈ ಪರದೆ ಸಿಕ್ಕಿದ್ದರೆ 71ರ ಬದಲು ಏಳುನೂರು ಟೋನು ಕಟ್ಟುತ್ತಿದ್ದರೇನೋ.

ಈ ಕೆಲಸದ ನಡುವೆಯೇ ಇನ್ನೊಂದು ಸಂಗತಿ ಗೊತ್ತಾಯಿತು. ಟೋನು ಮಾರುವುದು ಈಗ ಒಂದು ಸಣ್ಣ ವ್ಯಾಪಾರ. ಪೆನ್‌ಡ್ರೈವಿನಲ್ಲಿ ನೂರಾರು ಟೋನು ತುಂಬಿ ಐನೂರಕ್ಕೋ ಸಾವಿರಕ್ಕೋ ಕೊಡುತ್ತಾರೆ. ಪರಿಚಯದ ಹುಡುಗನೊಬ್ಬ ಅಂಥದೊಂದನ್ನು ಕೊಂಡಿದ್ದ. ಅದರಲ್ಲಿ ಡಿಎಕ್ಸ್7ರದೂ ಒಂದು ಫೈಲಿತ್ತು. ಕುತೂಹಲಕ್ಕೆ ತೆರೆದೆ. ಐದನೆಯದು ‘ಕ್ಲಾರಿ-1’. ಎರಡು ಸ್ವರ ನುಡಿಸುತ್ತಲೇ ಕೈ ನಿಂತಿತು. ಅದು ಮಾಸ್ಟರ ಕ್ಲಾರಿಯೊನೆಟ್.

ಬರೀ ಕಿವಿಯನ್ನು ನಂಬಿ ಹೀಗೆ ಹೇಳುವುದು ಸರಿಯಲ್ಲ. ಇಬ್ಬರು ಒಂದೇ ದಾರಿಯಲ್ಲಿ ಒಂದೇ ದನಿಗೆ ಬರಬಹುದು. ಎರಡೂ ಟೋನುಗಳನ್ನು ಪಕ್ಕಪಕ್ಕದಲ್ಲಿಟ್ಟು ಅಂಕಿ ಹೋಲಿಸಿದೆ. 145ಕ್ಕೆ 145 ಒಂದೇ. ಮಾಸ್ಟರ ಕ್ಲಾರಿಯೊನೆಟ್ ಐದನೇ ಜೋಡಣೆಯದು. ಅದರಲ್ಲಿ ಆರು ಆಪರೇಟರುಗಳು ಮೂರು ಜೋಡಿಯಾಗುತ್ತವೆ. ಅವರು ಬಳಸಿದ್ದು ಮೊದಲ ಎರಡು ಜೋಡಿ. ಮೂರನೆಯ ಜೋಡಿಯ ಹೊರದನಿಯನ್ನು ಸೊನ್ನೆಗೆ ಇಳಿಸಿ ಬಿಟ್ಟಿದ್ದರು. ಅಂದರೆ ಆ ಜೋಡಿಯ ಮಿಕ್ಕ ಅಂಕಿಗಳು ಏನಿದ್ದರೂ ಕೇಳಿಸುವುದಿಲ್ಲ. ಆ ಸೊನ್ನೆಯನ್ನು ಮೇಲಕ್ಕೆ ಎತ್ತಿದೆ. ಒಂದು ಗಂಟೆ ಕೇಳಿಸಿತು. ಅರ್ಧಕ್ಕೆ ಬಿಟ್ಟ ಗುಡಿಯ ಗಂಟೆ, ಸ್ವಲ್ಪ ಒಡಕು. ಎಂದೋ ಗಂಟೆ ಕಟ್ಟಲು ಹೊರಟು, ಸಾಕೆನಿಸಿ, ಅದೇ ಟೋನಿನ ಮೇಲೆ ಕ್ಲಾರಿಯೊನೆಟ್ ಕಟ್ಟಿದ್ದರು. ಪೆನ್‌ಡ್ರೈವಿನ ‘ಕ್ಲಾರಿ-1’ರಲ್ಲೂ ಅದೇ ಸೊನ್ನೆಯನ್ನು ಎತ್ತಿದೆ. ಅದೇ ಒಡಕು ಗಂಟೆ. ಕದ್ದವನಿಗೆ ತಾನು ಗಂಟೆಯನ್ನೂ ಹೊತ್ತೊಯ್ದದ್ದು ಗೊತ್ತೇ ಇರಲಿಲ್ಲ.

ಮಾಸ್ಟರಿಗೆ ಹೇಳಿದಾಗ ಮೊದಲು ನಕ್ಕರು. 2003ರಲ್ಲಿ ಯಾರೋ ರೆಕಾರ್ಡಿಂಗಿಗೆಂದು ಯಂತ್ರವನ್ನು ಒಂದು ವಾರ ಬೆಂಗಳೂರಿಗೆ ಒಯ್ದಿದ್ದರು, ಅಲ್ಲೇ ಆಗಿರಬೇಕು ಎಂದರು. ‘ನುಡಿಸ್ಕೊಳ್ಲಿ ಬಿಡು, ಪಾಪ. ನಮ್ಮಪ್ಪನೂ ಇನ್ನೊಬ್ಬರ ಊದಿಕೆ ಕೇಳಿ ಕಲ್ತೋನೇ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೆಸರು ಏನಂತ ಇಟ್ಟಾನೆ ಅಂದಿ?’ ಎಂದು ಕೇಳಿದರು. ‘ಕ್ಲಾರಿ-1 ಅಂತ ಮಾಸ್ಟರ್.’ ಅವರ ಯಂತ್ರದಲ್ಲಿ ಆ ಟೋನಿನ ಹೆಸರು ‘ಅಪ್ಪ’ ಎಂದಿತ್ತು. ‘ದನಿ ಒಯ್ಯಲಿ. ಆ ಹೆಸರು ಯಾಕ ತೆಗೀಬೇಕಿತ್ತು?’ ಎಂದರು. ಆ ದಿನ ಮತ್ತೆ ಆ ಮಾತು ಎತ್ತಲಿಲ್ಲ.

ನನಗೆ ಇದು ಬಹಳ ದಿನ ಕೊರೆಯಿತು. ಚೌನಿಂಗ್ ಕಂಡುಕೊಂಡ ಉಪಾಯಕ್ಕೆ 1977ರಲ್ಲಿ ಪೇಟೆಂಟ್ ಸಿಕ್ಕಿತು. ಸ್ಟ್ಯಾನ್‌ಫರ್ಡಿಗೆ ಅತಿ ಹೆಚ್ಚು ಆದಾಯ ತಂದ ಪೇಟೆಂಟುಗಳಲ್ಲಿ ಅದೂ ಒಂದು. ನ್ಯಾಯವೇ. ಆದರೆ ಆ ಉಪಾಯದ ಮೇಲೆ ಒಂದು ಮದುವೆ ಬ್ಯಾಂಡಿನ ದನಿ ಕಟ್ಟಿದವನಿಗೆ ಫೈಲಿನಲ್ಲಿ ಇರುವುದು ಹತ್ತು ಅಕ್ಷರ, ಅದೂ ಟೋನಿನ ಹೆಸರಿಗೆ. ಕಟ್ಟಿದವನ ಹೆಸರಿಗೆ ಜಾಗವೇ ಇಲ್ಲ. ಬ್ಯಾಂಡಿನವರು ಒಬ್ಬರ ಪಲುಕನ್ನು ಒಬ್ಬರು ಎತ್ತಿಕೊಳ್ಳುತ್ತಿದ್ದರು ನಿಜ. ಆದರೆ ಎತ್ತಿಕೊಂಡವರನ್ನು ಕೇಳಿದರೆ ಇದು ಇಂಥವರದು ಎಂದು ಕಿವಿ ಮುಟ್ಟಿಕೊಂಡು ಹೇಳುತ್ತಿದ್ದರು. ಬೈಟುಗಳಿಗೆ ಕಿವಿ ಮುಟ್ಟಿಕೊಳ್ಳುವ ರೂಢಿಯಿಲ್ಲ.

ಹಾಗಾಗಿ ಟೋನಿನ ಫೈಲುಗಳ ಪಕ್ಕದಲ್ಲಿ ಸಾದಾ ಅಕ್ಷರದ ಇನ್ನೊಂದು ಫೈಲು ಮಾಡಿದೆ. ಎರಡು ತಿಂಗಳು ಭಾನುವಾರ ಭಾನುವಾರ ಹೋಗಿ ಒಂದೊಂದು ಟೋನು ನುಡಿಸಿ ಕೇಳಿಸಿ, ಅವರು ಹೇಳಿದ್ದನ್ನು ಬರೆದುಕೊಂಡೆ. ಯಾವ ವರ್ಷ, ಯಾವ ಹಾಡಿಗೆ, ಯಾರ ಊದಿಕೆ ನೆನೆದು. ‘ಅಪ್ಪ’, ‘ತೇರು’, ‘ಉರುಸು’, ‘ಮಳೆ 2’. ಮೂರು ಟೋನುಗಳನ್ನು ಯಾಕೆ ಕಟ್ಟಿದೆ ಎಂಬುದು ಅವರಿಗೇ ನೆನಪಾಗಲಿಲ್ಲ. ಅವುಗಳ ಮುಂದೆ ಖಾಲಿ ಬಿಟ್ಟಿದ್ದೇನೆ.

ಕೀಬೋರ್ಡು 2017ರ ಜನವರಿಯಲ್ಲಿ ಮಾರಾಟವಾಯಿತು. ಕೊಂಡವರು ಬೆಂಗಳೂರಿನ ಒಬ್ಬ ತರುಣ, ಹಳೆಯ ಯಂತ್ರಗಳ ಪ್ರೇಮಿ. ಅವರಿಗೆ ಕಂಪನಿಯ ಮೂಲ 32 ಟೋನುಗಳೇ ಬೇಕಿದ್ದವು, ಮುಖ್ಯವಾಗಿ ಆ 11ನೇ ಪಿಯಾನೊ. ಹೊಸ ಬ್ಯಾಟರಿ ಹಾಕಿಸಿಯಾಗಿತ್ತು. ಲ್ಯಾಪ್‌ಟಾಪಿನಿಂದ ಕಳಿಸುವ ಮೊದಲು ಯಂತ್ರದ ಮೆಮೊರಿ ಕಾವಲನ್ನು ತೆಗೆಯಬೇಕು. ಅದಕ್ಕೊಂದು ಗುಂಡಿ, ಆಮೇಲೆ ‘ನೋ’ ಎಂಬ ಗುಂಡಿ. ನಾನು ಕೈ ಚಾಚಿದೆ. ಮಾಸ್ಟರ್ ‘ಇರು’ ಎಂದು ತಾವೇ ತಡವಿ ಒತ್ತಿದರು. ಕಳಿಸಿದೆ. ಒಂದೂಕಾಲು ಸೆಕೆಂಡು.

‘ಮೂವತ್ತೊಂದು ಒತ್ತು’ ಎಂದರು. ಒತ್ತಿದೆ. ಇಪ್ಪತ್ತೈದು ವರ್ಷದ ಹಿಂದೆ ಅವರು ಅಳಿಸಿದ್ದ ರೈಲು ಕೂಗಿತು. ಅವರ ಮೊಮ್ಮಗ ಒಳಗಿನಿಂದ ಓಡಿಬಂದು ಇನ್ನೊಮ್ಮೆ, ಇನ್ನೊಮ್ಮೆ ಎಂದು ಹತ್ತು ಸಲ ಒತ್ತಿಸಿದ. ಕೊಂಡವರು ಪಾಪ ವ್ಯಾನು ಕಾಯುತ್ತದೆ ಎಂದು ಗಡಿಯಾರ ನೋಡುತ್ತಿದ್ದರು.

71 ಟೋನುಗಳ ಫೈಲುಗಳು ಈಗ ನನ್ನ ಲ್ಯಾಪ್‌ಟಾಪಿನಲ್ಲಿ, ಮಾಸ್ಟರ ಮಗನ ಬಳಿ ಒಂದು ಪೆನ್‌ಡ್ರೈವಿನಲ್ಲಿ, ಸ್ಟುಡಿಯೋ ಗೆಳೆಯನ ಡಿಸ್ಕಿನಲ್ಲಿ ಇವೆ. ಕೇಳಿದವರಿಗೆಲ್ಲ ಪುಕ್ಕಟೆಯಾಗಿ ಕೊಡು ಎಂದು ಮಾಸ್ಟರ್ ಹೇಳಿದ್ದಾರೆ, ಕೊಡುತ್ತಿದ್ದೇನೆ. ಬರಹದ ಫೈಲನ್ನೂ ಅದರ ಜೊತೆಗೇ ಹಾಕಿಕೊಡುತ್ತೇನೆ. 2019ರ ಗಣಪತಿಯಲ್ಲಿ, ಪೆನ್‌ಡ್ರೈವ್ ಕೊಂಡಿದ್ದ ಅದೇ ಹುಡುಗ ಲ್ಯಾಪ್‌ಟಾಪಿಗೆ ಸಣ್ಣ ಕೀಬೋರ್ಡು ಸಿಕ್ಕಿಸಿ ಪೆಂಡಾಲಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದ. ಹಾಡಿನ ನಡುವೆ ಬಿಡುವಾದಾಗ ಹಿಂದಿನಿಂದ ಹೋಗಿ ಪರದೆ ನೋಡಿದೆ. ‘ಅಪ್ಪ’ ಎಂದೇ ಇತ್ತು.